ಹುಲಿಯ ಪರ ಸಾಕ್ಷಿ ಹೇಳಿದ ಐತಪ್ಪ ಮಾವ

ನಮ್ಮ ಐತಪ್ಪ ಮಾವ ನಡೆಯುವಾಗ ಮೊದಲು ಭುಜ ಮುಂದೆ ಹೋಗುತ್ತಿತ್ತು, ಆಮೇಲೆ ಕಾಲು. ಮಣ್ಣಗುಡ್ಡದ ಓಣಿಯಲ್ಲಿ ಬಂಗುಡೆ ಮೀನು ಹಿಡಿದುಕೊಂಡು ಬರುವಾಗಲೂ ಅದೇ ನಡಿಗೆ. ನವರಾತ್ರಿಗೆ ಹುಲಿವೇಷ ಹಾಕುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಬಣ್ಣ ತೊಳೆದರೆ ಅವರ ಹುಲಿ ಹೋಗುತ್ತಿತ್ತು, ಮಾವನದ್ದು ವರ್ಷವಿಡೀ ಹೋಗುತ್ತಿರಲಿಲ್ಲ. "ಕುಣಿಯಲಿಕ್ಕೆ ಮಂಗನಿಗೂ ಬರ್ತದೆ ಮಗಾ. ಹುಲಿಯ ಹಾಗೆ ನಡೀಲಿಕ್ಕೆ ಕಲಿಯಬೇಕು," ಎನ್ನುತ್ತಿದ್ದರು.

ಅವರು ನನ್ನ ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಸಾಕಿದವರು. ಮದುವೆಯಾಗಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಹಂಚು ಅಚ್ಚೊತ್ತುವ ಕೆಲಸ. ಮನೆಗೆ ಬಂದರೆ ಉಗುರಿನೊಳಗೆಲ್ಲ ಮಣ್ಣು. ನಾನು ಟೀಚರ್ ಟ್ರೈನಿಂಗಿಗೆ ಹೋಗುತ್ತಿದ್ದುದೂ ಆ ಕೈಯ ದುಡಿಮೆಯಿಂದಲೇ. ಮಾವನ ಮೇಲೆ ನನಗೆ ಇವತ್ತಿಗೂ ಇರುವ ಸಿಟ್ಟು ಸುಮ್ಮನೆ ಬಂದದ್ದಲ್ಲ.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲು ಮೈದಾನಕ್ಕೆ ಸರ್ಕಸ್ ಬಂತು. ಅದರಲ್ಲಿ ಒಂದು ಮುದಿ ಹೆಣ್ಣು ಹುಲಿ. ಕೆಲಸ ಬಿಟ್ಟ ಕೂಡಲೇ ಮಾವ ಅಲ್ಲಿಗೆ ಓಡುವರು. ಬಿದಿರಿನ ಬೇಲಿಯ ಹೊರಗೆ ಕುಕ್ಕರುಗಾಲಲ್ಲಿ ಕುಳಿತು ಅದು ತಿರುಗುವುದನ್ನು, ಆಕಳಿಸುವುದನ್ನು ನೋಡುವರು. ಮನೆಗೆ ಬಂದು ಅಂಗಳದಲ್ಲಿ ಹಾಗೆಯೇ ತಿರುಗುವರು. "ಅಣ್ಣಾ, ಮೊದಲು ಊಟ ಮಾಡಿ, ಆಮೇಲೆ ಹುಲಿಯಾಗಿ ಮಾರಾಯ್ರೆ!" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ನವರಾತ್ರಿ ಬಂತು. ವ್ರತ ಹಿಡಿದು, ಮೈಗೆಲ್ಲ ಬಣ್ಣ ಹಚ್ಚಿಸಿಕೊಂಡು, ತಾಸೆ ಬಡಿಯುವವರನ್ನೂ ಕರೆದುಕೊಂಡು ಮಾವ ನೇರ ಹೋದದ್ದು ಆ ಪಂಜರದ ಎದುರಿಗೆ. ಕುಣಿದರು. ಮುದಿ ಹುಲಿ ಎದ್ದು ಕುಳಿತು ಇವರನ್ನೇ ನೋಡಿತಂತೆ. ಕಾವಲಿನವನು ಬೇಡ ಬೇಡ ಎಂದರೂ ಕೇಳದೆ ಬೇಲಿ ದಾಟಿ, ಅದರ ಹಣೆ ಮುಟ್ಟಲು ಸರಳಿನೊಳಗೆ ಬಲಗೈ ಹಾಕಿದರು. ವ್ರತದಲ್ಲಿದ್ದು ಬಣ್ಣ ಮೈಮೇಲಿರುವಾಗ ಹುಲಿ ತನ್ನನ್ನು ಅದರ ಪೈಕಿಯವನೇ ಎಂದು ತಿಳಿಯುತ್ತದೆಂದು ಅವರ ನಂಬಿಕೆ. ಹುಲಿಗೆ ಅದನ್ನು ಯಾರೂ ಹೇಳಿರಲಿಲ್ಲ. ಮೂರು ಬೆರಳು ಹೋದವು.

ಊರಿಗೆ ಊರೇ ಹುಲಿಯ ಮೇಲೆ ತಿರುಗಿಬಿತ್ತು. ಗುಂಡು ಹೊಡೆಯಬೇಕೆಂದು ಗಲಾಟೆ. ಪಂಜರ ಸರಿಯಿರಲಿಲ್ಲವೆಂದಾದರೆ ಹುಲಿಯನ್ನು ಕೊಲ್ಲಿಸುವುದೇ ಎಂದು ಪೊಲೀಸ್ ಇನ್‌ಸ್ಪೆಕ್ಟರೂ ಹೇಳಿದ್ದರು. ಕಾರ್ಖಾನೆಯ ಮೇಸ್ತ್ರಿ ಆಸ್ಪತ್ರೆಗೆ ಬಂದು ಅಮ್ಮನ ಹತ್ತಿರ ಮೆಲ್ಲಗೆ ಹೇಳಿದ: "ತಪ್ಪು ಸರ್ಕಸ್ಸಿನವರದ್ದು ಅಂತ ಆದ್ರೆ ದೊರೆಗೆ ಹೇಳಿ ಗೇಟಿನ ಕೆಲಸವಾದ್ರೂ ಕೊಡಿಸ್ತೇನೆ ಅಕ್ಕ. ಇವನೇ ಕೈ ಹಾಕಿದ್ದು ಅಂತ ಆದ್ರೆ ನನ್ನಿಂದ ಎಂತ ಮಾಡ್ಲಿಕ್ಕೂ ಆಗುದಿಲ್ಲ."

ಇನ್‌ಸ್ಪೆಕ್ಟರಿಗೆ ತುಳು ಬಾರದು, ಮಾವನಿಗೆ ಬರೆಯಲು ಬಾರದು. ಹೇಳಿಕೆಯನ್ನು ಕನ್ನಡದಲ್ಲಿ ಬರೆದುಕೊಡು ಎಂದು ನನಗೆ ಕಾಗದ ಕೊಟ್ಟು ಅವರು ಆಸ್ಪತ್ರೆಯ ಜಗಲಿಗೆ ಹೋದರು. ಮಾವ ನಡೆದದ್ದನ್ನು ನಡೆದ ಹಾಗೆಯೇ ಹೇಳಿದರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬರೆದೆ: 'ಸರಳು ಸಡಿಲವಾಗಿತ್ತು. ಹುಲಿ ಹೊರಗೆ ಪಂಜ ಚಾಚಿ ಹಿಡಿಯಿತು.'

"ಓದು ಮಗಾ," ಎಂದರು ಮಾವ. ಓದಿದೆ. ಕನ್ನಡ ಕೇಳಿದರೆ ಅವರಿಗೆ ತಿಳಿಯುತ್ತಿತ್ತು.

"ಸರಳು ಗಟ್ಟಿಯೇ ಉಂಟು. ಸಡಿಲ ಇದ್ದದ್ದು ನಿನ್ನ ಮಾವನ ಮಂಡೆ."

"ನಾಳೆ ನಮ್ಮ ಊಟಕ್ಕೆ ಎಂತ ಗತಿ ಮಾವ?" ಎಂದು ಕೇಳಿಯೇಬಿಟ್ಟೆ.

ಮಾವ ಕಟ್ಟು ಹಾಕಿದ ಕೈಯನ್ನು ನೋಡಿಕೊಂಡರು. "ಅದು ನನಗೆ ಗೊತ್ತಿಲ್ಲ. ಆದ್ರೆ ಅವಳು ಅವಳ ಪಂಜರದ ಒಳಗೇ ಇದ್ದಳು. ಹೋದವ ನಾನು. ನನ್ನ ತಪ್ಪಿಗೆ ಅವಳಿಗೆ ಗುಂಡು ಬಿದ್ರೆ, ನಾನು ಇನ್ನು ಆ ಬಣ್ಣ ಹೇಗೆ ಮುಟ್ಟುದು?"

ಕಾಗದ ಹರಿದು ಬೇರೆ ಬರೆದೆ. ಮಾವ ಎಡಗೈ ಹೆಬ್ಬೆಟ್ಟು ಒತ್ತಿದರು. ಹುಲಿ ಉಳಿದು ಸರ್ಕಸ್ಸಿನೊಂದಿಗೆ ಎಲ್ಲಿಗೋ ಹೋಯಿತು. ಮಾವನ ಕೆಲಸ ಹೋಯಿತು. ನಾನು ಟ್ರೈನಿಂಗ್ ಅರ್ಧಕ್ಕೆ ಬಿಟ್ಟು ಕುಲಶೇಖರದ ಕಡೆ ಒಂದು ಸಣ್ಣ ಶಾಲೆಗೆ ಸೇರಿದೆ, ಅಮ್ಮ ಬೀಡಿ ಕಟ್ಟಲು ಕುಳಿತಳು. ಮಾವ ಮನೆಯಲ್ಲಿ ಎಡಗೈಯಿಂದಲೇ ಮೀನು ಕೊಯ್ಯಲು ಕಲಿತರು.

ಅವರನ್ನು ಭಾರಿ ಧೈರ್ಯಸ್ಥ ಎಂದು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮನೆಯಲ್ಲಿ ಎರಡು ಹೊಟ್ಟೆ ಕಾಯುತ್ತಿರುವಾಗ ಹುಲಿಯ ಬಾಯಿಗೆ ಕೈ ಕೊಡುವುದು ಯಾವ ಸೀಮೆಯ ಧೈರ್ಯ? ತಪ್ಪು ಅವರದೇ. ಆದರೆ ತನ್ನ ತಪ್ಪನ್ನು ಹಾಗೆ ಪೂರ್ತಿ ತನ್ನ ತಲೆಯ ಮೇಲೆ ಎಳೆದುಕೊಂಡವರನ್ನು ನಾನು ಬೇರೆ ಕಂಡಿಲ್ಲ. ಬೈಯಲು ಹೊರಟರೆ ಅರ್ಧದಲ್ಲಿ ಕಣ್ಣು ತುಂಬುತ್ತದೆ, ಏನು ಮಾಡಲಿ?

ಅಮ್ಮನ ಬೇನೆ ಬೇರೆಯೇ. "ಪೊಲೀಸಿಗೆ ತಪ್ಪಾಯ್ತು ಅಂದ್ರಿ. ನನಗೆ ಒಂದು ದಿನ ಹೇಳಿದಿರಾ ಅಣ್ಣಾ?" ಎಂದು ಆಗಾಗ ಚುಚ್ಚುವಳು. ಮಾವ ತಲೆ ತಗ್ಗಿಸಿ ಹಿತ್ತಲಿಗೆ ಹೋಗುವರು. ಊರಿಗೆಲ್ಲ ಹೇಳಿದ ಮಾತು ತಂಗಿಯ ಮುಂದೆ ಬಾಯಿಗೆ ಬರುತ್ತಿರಲಿಲ್ಲ.

ಐದಾರು ವರ್ಷದ ಮೇಲೆ ಅವರಿಗೆ ವಿಷಮಶೀತ ಜ್ವರ ಬಂತು. ಒಂದು ಮಧ್ಯಾಹ್ನ ಅಮ್ಮ ಗಂಜಿ ಕುಡಿಸುತ್ತಿದ್ದಳು, ನಾನು ಬೀಸಣಿಗೆ ಹಿಡಿದಿದ್ದೆ. ಮಾವ ಉಳಿದ ಎರಡು ಬೆರಳಿನಿಂದ ಅಮ್ಮನ ಕೈ ಹಿಡಿದರು.

"ಕಲ್ಯಾಣೀ, ನಿನ್ನನ್ನು ಕೇಳದೆ ಈ ಕೈ ಕೊಟ್ಟೆ. ತಪ್ಪಾಯ್ತು."

"ಆಯ್ತು. ಗಂಜಿ ಕುಡೀರಿ, ತಣ್ಣಗಾಗ್ತಾ ಉಂಟು," ಎಂದಳು ಅಮ್ಮ.

ಆದರೆ ಅವಳು ಮತ್ತೆ ಚಮಚ ಎತ್ತಲಿಲ್ಲ. ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಹಾಗೆಯೇ ಕುಳಿತಳು. ಸಂಜೆ ಮಾವ ತೀರಿಕೊಂಡ ಮೇಲೆ ನಾನೇ ಬಿಡಿಸಬೇಕಾಯಿತು.