ಓಗೊಡದ ಸಂಜೆ

ಮೈಸೂರಿನಿಂದ ಬೆಳಿಗ್ಗೆ ಆರರ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಪಂಚೆ, ಒಂದು ಚಾಪೆ, ಮನಸ್ಸನ್ನು ಹಿಡಿತದಲ್ಲಿಡುವುದು ಹೇಗೆಂದು ನಾನೇ ಬರೆದುಕೊಂಡಿದ್ದ ಒಂದು ನೋಟ್‌ಬುಕ್ಕು ಇದ್ದವು. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ವರ್ಷ ಕಳೆದಿತ್ತು. ಮನೆಯ ಟಿ.ವಿ., ಮಿಕ್ಸಿ, ಕೆಳಗಿನ ಮನೆಯ ತಮ್ಮನ ಸಂಸಾರ, ಎಲ್ಲದರ ಮೇಲೂ ರೇಗುತ್ತಿದ್ದೆ. ನಾಲ್ಕು ದಿನ ಯಾರ ದನಿಯೂ ಕಿವಿಗೆ ಬೀಳದ ಜಾಗ ಬೇಕೆಂದು ಹೊರಟೆ. ಹೆಂಡತಿ ತಡೆಯಲಿಲ್ಲ. ಆ ನಾಲ್ಕು ದಿನ ಅವಳಿಗೂ ಬೇಕಿತ್ತೇನೋ.

ಹಾಸನದಲ್ಲಿ ಬಸ್ಸು ಬದಲಿಸಿ, ಆಲೂರು ದಾಟಿ ಸಕಲೇಶಪುರ ಸೇರಿದಾಗ ಹನ್ನೊಂದು ಗಂಟೆ. ಬಸ್ ನಿಲ್ದಾಣದ ಎದುರು ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದೆ. ಅಲ್ಲಿಂದ ಹೆಗ್ಗದ್ದೆ ಕಡೆಯ ಎಸ್ಟೇಟಿಗೆ ಜೀಪು, ಬಾಡಿಗೆ ಆರುನೂರು. ಚಳಿಗಾಲ ಆಗತಾನೇ ಶುರುವಾಗಿತ್ತು, ಕಾಫಿ ಇನ್ನೂ ಹಣ್ಣಾಗುತ್ತಿತ್ತು. ಗೆಳೆಯನ ಆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್‌ಗೆಂದು ಕಟ್ಟಿದ್ದ ಹಳೆಯ ಮನೆ ಖಾಲಿಯಿತ್ತು. ಫೋನಿಗೆ ಸಿಗ್ನಲ್ ಇಲ್ಲ ಎಂದು ಜೀಪಿನವನು ಬೇಜಾರಿನಿಂದ ಹೇಳಿದ, ನಾನು ಖುಷಿಪಟ್ಟೆ.

ಸೌದೆ ಹೊತ್ತು ತಂದವರು ಗಂಗಕ್ಕ. ಅರವತ್ತೈದು ದಾಟಿದ ಹೆಂಗಸು, ಮದುವೆಯಾದವರಲ್ಲ. ನಲವತ್ತು ವರ್ಷ ಎಸ್ಟೇಟಿನ ನರ್ಸರಿಯಲ್ಲಿ ಕಾಫಿ ಸಸಿ ಬೆಳೆಸಿ, ಈಗ ಮೇಲಿನ ದಿಣ್ಣೆಯ ಒಂದೇ ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಸೌದೆ ಇಳಿಸಿ ಒಂದು ಕಟ್ಟಳೆ ಹೇಳಿದರು.

"ಸಂಜೆ ಆರಕ್ಕೆ ನಾನೊಂದು ಕೂ ಹಾಕ್ತೀನಿ ಮೇಷ್ಟ್ರೆ, ನೀವೂ ಒಂದು ಹಾಕ್ಬುಡಿ. ಅಷ್ಟೇಯ. ಆಮೇಲೆ ನಿಮ್ ಪಾಡಿಗೆ ನೀವು, ನನ್ ಪಾಡಿಗೆ ನಾನು."

ಆನೆ ಓಡಾಡುವ ಜಾಗವಂತೆ. ಒಂಟಿಯಾಗಿರುವವರು ಸಂಜೆಗೊಮ್ಮೆ ಪಕ್ಕದ ಮನೆಯತ್ತ ಕೂಗಬೇಕು, ಆ ಕಡೆಯವರು ಓಗೊಡಬೇಕು. ಓಗೊಡದಿದ್ದರೆ ಏನೋ ಆಗಿದೆ ಎಂದರ್ಥ, ಕೂಗಿದವರು ಹೋಗಿ ನೋಡಲೇಬೇಕು. ಮೊದಲ ಸಂಜೆ ನಾಚಿಕೊಂಡೇ ಓಗೊಟ್ಟೆ.

ಮರುದಿನ ಅವರ ಮನೆಗೆ ಹೋದೆ. ಸೌದೆ ಅಳತೆ ಹಿಡಿದಂತೆ ಒಟ್ಟಿತ್ತು, ಕತ್ತಿ ಗೋಡೆಯ ಮೊಳೆಯಲ್ಲಿ, ಎರಡು ತಟ್ಟೆ ಗೂಡಿನಲ್ಲಿ. ಕಾಫಿ ಕೊಟ್ಟು, ಜಗುಲಿಯಲ್ಲಿ ಕೂತು ಕಣಿವೆ ನೋಡತೊಡಗಿದರು. ಮಾತಿಲ್ಲ, ಚಡಪಡಿಕೆಯೂ ಇಲ್ಲ. ಆಲೂರಿನಲ್ಲಿರುವ ತಂಗಿಯ ಮಗ, ಇನ್ನೊಂದು ಸಲ ಕಾಯಿಲೆ ಗೀಯಿಲೆ ಅಂದರೆ ಕರೆದುಕೊಂಡು ಹೋಗಿಬಿಡುತ್ತೇನೆ ಎಂದು ಹೆದರಿಸಿದ್ದಾನೆ ಎಂದಷ್ಟೇ ಹೇಳಿದರು. ಅವರಿಗಿದ್ದ ಭಯ ಅದೊಂದೇ. ಮನಸ್ಸನ್ನು ಹೇಗೆ ಹತೋಟಿಯಲ್ಲಿಟ್ಟಿದ್ದೀರಿ ಎಂದು ಕೇಳಿದೆ.

"ಅದೇನ್ ಮಾಡದೈತೆ? ಕೆಲ್ಸ ಮುಗುದ್ರೆ ಕೂತ್ಕತೀನಿ" ಎಂದರು.

ನನಗೆ ಹೊಟ್ಟೆಕಿಚ್ಚಾಯಿತು. ಓದುಬರಹ ಬಾರದ ಈಕೆಗೆ ಪುಕ್ಕಟೆ ಸಿಕ್ಕಿದ್ದು ನೋಟ್‌ಬುಕ್ಕು ತುಂಬಿಸಿದ ನನಗೇಕೆ ಸಿಗಬಾರದು? ಅಂದು ಸಂಜೆ ಲ್ಯಾಂಪ್ ಹಚ್ಚಿಟ್ಟು ಚಾಪೆ ಹಾಸಿ ಹಟ ಹಿಡಿದು ಕೂತೆ. ವರ್ಷದಲ್ಲೇ ಮೊದಲ ಸಲ ಮನಸ್ಸು ನಿಂತಂತೆನಿಸಿತು. ಆಗ ಕೂ ಕೇಳಿಸಿತು. ಎರಡನೆಯದೂ, ಮೂರನೆಯದೂ ಕೇಳಿಸಿತು. ಮೂವತ್ತು ವರ್ಷ ತರಗತಿಯಲ್ಲಿ ಹಾಜರಿ ಕರೆದು, ಓಗೊಡದ ಹುಡುಗರ ಕಿವಿ ಹಿಂಡಿದವನು ನಾನು. ಒಂದು ದಿನ ಸುಮ್ಮನಿದ್ದರೆ ಏನು ಗಂಟು ಹೋಗುತ್ತದೆ ಎಂದು ಕಣ್ಣು ಬಿಡಲಿಲ್ಲ.

ಅರ್ಧ ಗಂಟೆಯಲ್ಲಿ ಅಂಗಳದ ಕೆಳಗೆ ಯಾರೋ ಬಿದ್ದ ಸದ್ದು. ಓಡಿದೆ. ನೀರು ಇಂಗಲೆಂದು ಕಾಫಿ ಗಿಡಗಳ ನಡುವೆ ತೋಡಿದ್ದ ಗುಂಡಿಯಲ್ಲಿ ಗಂಗಕ್ಕ ಬಿದ್ದಿದ್ದರು. ಕಾಲು ಸೊಟ್ಟಗಾಗಿತ್ತು.

"ಸದ್ಯ, ಚೆನ್ನಾಗಿದೀರಲ್ಲ" ಎಂದರು. ಆಮೇಲೆ, "ಕೂ ಕೇಳ್ಸಲಿಲ್ವಾ?"

ನಿದ್ದೆ ಬಂದಿತ್ತು ಎಂದೆ.

ಆಗ ನಾನು ಕೂ ಹಾಕಿದೆ, ಗಂಟಲು ಹರಿಯುವಂತೆ. ಕೆಳಗಿನ ಕೂಲಿಯವರ ಲೈನ್ ಮನೆಗಳಿಂದ ತಕ್ಷಣ ಓಗೊಟ್ಟರು. ನಾಲ್ಕು ಜನ ಓಡಿ ಬಂದು ಅವರನ್ನು ಕಂಬಳಿಯಲ್ಲಿ ಹೊತ್ತು ಜೀಪಿಗೆ ಸಾಗಿಸಿದರು. ನನ್ನ ಮೇಲೇ ನನಗೆ ಹೇಸಿಗೆಯಾಯಿತು, ಆದರೂ ನಿಜ ಹೇಳಲಿಲ್ಲ.

ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ತಂಗಿಯ ಮಗ ಸಕಲೇಶಪುರಕ್ಕೆ ಬಂದು, ಪಟ್ಟಿ ಹಾಕಿಸಿ, ಆಲೂರಿಗೆ ಕರೆದೊಯ್ದ. ದಿಣ್ಣೆಯ ಮನೆಯ ಬೀಗದ ಕೈಯನ್ನು ಎಸ್ಟೇಟಿನವರಿಗೆ ಒಪ್ಪಿಸಿಯೂ ಬಿಟ್ಟ.

ನಾಲ್ಕನೆಯ ದಿನ ಊರಿಗೆ ಮರಳುವಾಗ ಆಲೂರಿನಲ್ಲಿ ಇಳಿದೆ. ಮನೆ ರಸ್ತೆ ಬದಿಗೇ ಇತ್ತು. ಪಡಸಾಲೆಯಲ್ಲಿ ಟಿ.ವಿ. ಅರಚುತ್ತಿತ್ತು, ಹೊರಗೆ ಲಾರಿಗಳು. ಮಂಚದ ಮೇಲೆ ಗಂಗಕ್ಕ ಗೋಡೆ ನೋಡುತ್ತಾ ಮಲಗಿದ್ದರು. ತಂಗಿಯ ಮಗ ಒಳ್ಳೆಯವನೇ. ಇನ್ನು ದೊಡ್ಡಮ್ಮನನ್ನು ಆ ಕಾಡಿಗೆ ಕಳಿಸುವ ಮಾತೇ ಇಲ್ಲ ಎಂದ, ನನಗೆ ಕಾಫಿ ಕೊಟ್ಟ, ಅಂದು ಜನ ಕರೆದು ಕಾಪಾಡಿದಿರಿ ಎಂದು ಕೈಮುಗಿದ. ಲೋಟವನ್ನು ಹಾಗೇ ಕೆಳಗಿಟ್ಟೆ.

ಹೊರಡಲು ಎದ್ದಾಗ ಗಂಗಕ್ಕ ನನ್ನತ್ತ ತಿರುಗಿದರು.

"ಕೂ ಹಾಕೋ ಮುಂಚೆ ನೀವು ಲ್ಯಾಂಪ್ ಹಚ್ಚಿದ್ದು ಮೇಲಿಂದ ಕಾಣ್ತು. ಅವತ್ತು ನಿಮ್ಗೆ ನಿದ್ದೆ ಬಂದಿರ್ಲಿಲ್ಲ, ಅಲ್ವಾ ಮೇಷ್ಟ್ರೆ?"

ಟಿ.ವಿ. ಸದ್ದಿನಲ್ಲಿ ಕೇಳಿಸದವನಂತೆ ಚಪ್ಪಲಿ ಮೆಟ್ಟಿಕೊಂಡು ಹಾಸನದ ಬಸ್ಸಿಗೆ ನಡೆದೆ.