ಫ್ರಿಜ್ಜಿನಲ್ಲಿಟ್ಟ ಬೆಟ್ಟದ ಹೂವು

ಮಾವ, ಆ ಗಡ್ಡೆಗಳು ಕೊಳೆತಿರಲಿಲ್ಲ. ನಾನು ಎಸೆದಾಗ ಗಟ್ಟಿಯಾಗಿ, ಚೆನ್ನಾಗಿಯೇ ಇದ್ದವು. ನಿಮಗೆ ಸುಳ್ಳು ಹೇಳಿದೆ.

ಅಂದು ಅತ್ತೆಯ ತಿಥಿಯ ಹಿಂದಿನ ದಿನ. ಅದರ ಹಿಂದಿನ ವರ್ಷ ಫ್ರಿಜ್ಜಿನಲ್ಲಿ ಒಂದು ಬೆಳ್ಳುಳ್ಳಿ ಉಳಿದುಬಿಟ್ಟಿತ್ತು. ಸುಮಕ್ಕ—ನಿಮ್ಮ ಮಗಳು—ಅಡುಗೆಯವರ ಎದುರಿಗೇ, "ನಮ್ಮಮ್ಮನ ತಿಥಿ ದಿನಾನಾದ್ರೂ ಸ್ವಲ್ಪ ಮಡಿ ಇರ್ಲಿ ಪದ್ಮ" ಅಂದಿದ್ದರು. ಆ ಮಾತು ವರ್ಷವಿಡೀ ಚುಚ್ಚುತ್ತಿತ್ತು. ಹಾಗಾಗಿ ಬೆಳಗ್ಗೆಯೇ ಫ್ರಿಜ್ಜು ಖಾಲಿ ಮಾಡಲು ಕೂತೆ. ತರಕಾರಿಯ ಹಿಂದೆ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಕಂದು ಸಿಪ್ಪೆಯ ಪುಟ್ಟ ಪುಟ್ಟ ಗಡ್ಡೆಗಳು. ಸಾಂಬಾರ್ ಈರುಳ್ಳಿ ಅಂದುಕೊಂಡೆ. ಮೂಸಿಯೂ ನೋಡಲಿಲ್ಲ—ಕಸದ ಗಾಡಿ ಬಾಗಿಲಿಗೆ ಬಂದಿತ್ತು, ಹಾಕಿಬಿಟ್ಟೆ.

ಗಾಡಿ ತಿರುವು ದಾಟಿದ ಮೇಲೆ ನಿಮ್ಮ ಮಾತು ನೆನಪಾಯಿತು. ನೀವು ಹೇಳಿರಲಿಲ್ಲವೆಂದಲ್ಲ. ನಿಮ್ಮ ಹಳೆಯ ವಿದ್ಯಾರ್ಥಿ ಮುರಳಿ ತಂದುಕೊಟ್ಟ ಐರಿಸ್ ಹೂವಿನ ಗಡ್ಡೆ, ಟರ್ಕಿಯ ಬೆಟ್ಟದ ಇಳಿಜಾರಿನದು, ಹಿಮ ಕರಗುವ ಹೊತ್ತಿಗೆ ಎಲೆಗಿಂತ ಮೊದಲೇ ಹಳದಿ ಹೂವು ಬಿಡುತ್ತದೆ... ಎಲ್ಲ ಹೇಳಿದ್ದಿರಿ. ಕಾಲೇಜಿನಲ್ಲಿ ಅಷ್ಟು ವರ್ಷ ಸಸ್ಯಶಾಸ್ತ್ರ ಕಲಿಸಿ, ಬೋರ್ಡಿನ ಮೇಲೆ ಬರೆದ ಆ ಹೂವನ್ನು ಒಮ್ಮೆಯೂ ಕಣ್ಣಾರೆ ಕಂಡವರಲ್ಲ ನೀವು. ಬೆಂಗಳೂರಿನ ಚಳಿ ಅದಕ್ಕೆ ಸಾಲದೆಂದು, "ಈ ಫ್ರಿಜ್ಜೇ ಅದಕ್ಕೆ ಬೆಟ್ಟ ಕಣಮ್ಮ, ಸಂಕ್ರಾಂತಿವರೆಗೂ ಮುಟ್ಬೇಡ" ಎಂದಿದ್ದಿರಿ. ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ.

ಸಂಜೆ ನೀವು ಫ್ರಿಜ್ಜು ತೆಗೆದು ನಿಂತಿರಿ. "ಕೊಳೆತು ಹೋಗಿದ್ವು ಮಾವ, ವಾಸನೆ ಬರ್ತಿತ್ತು," ಎಂದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ನೀವು ಬೈದಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ—ನೀವು ಬೈಯಲಿಲ್ಲ. "ನಂದೇ ತಪ್ಪು. ಕಾಗದ ಒದ್ದೆ ಇತ್ತೇನೋ," ಎಂದು ಬಾಗಿಲು ಮುಚ್ಚಿದಿರಿ.

ಆಮೇಲೆ ಲಾಲ್‌ಬಾಗಿನ ವಾಕಿಂಗ್ ಗೆಳೆಯರಿಗೆಲ್ಲ ನೀವೇ ಹೇಳಿಕೊಂಡು ಬಂದಿರಿ—ಪಾಠ ಹೇಳುವುದು ಬೇರೆ, ಬೆಳೆಸುವುದು ಬೇರೆ, ನನಗೆ ಕೈಗುಣವಿಲ್ಲ ಎಂದು. ಮಹಡಿಯ ಮೇಲಿನ ಕುಂಡಗಳನ್ನು ಒಂದೊಂದಾಗಿ ಪಕ್ಕದ ಮನೆಯವರಿಗೆ ಕೊಟ್ಟಿರಿ. ಪ್ರತಿ ಕುಂಡ ಮೆಟ್ಟಿಲು ಇಳಿದಾಗಲೂ ಹೇಳಿಬಿಡೋಣ ಎನಿಸುತ್ತಿತ್ತು. ಸುಮಕ್ಕನಿಗೆ ತಿಳಿದರೆ... ನೀವು ನನ್ನ ಜೊತೆ ಮಾತು ಬಿಟ್ಟರೆ... ಗುಟ್ಟಾಗಿ ನರ್ಸರಿಗಳನ್ನು ಸುತ್ತಿದೆ. ಅಂಥದ್ದು ಇಲ್ಲಿ ಸಿಗುವುದಿಲ್ಲ ಎಂದರು.

ಇದು ಹಳೆಯ ತಪ್ಪಷ್ಟೇ ಆಗಿದ್ದರೆ ಬಹುಶಃ ಹೀಗೇ ಹೊತ್ತುಕೊಂಡು ಇದ್ದುಬಿಡುತ್ತಿದ್ದೆ. ಆದರೆ ಕಳೆದ ಭಾನುವಾರ ಮುರಳಿ ಮತ್ತೆ ಬಂದರು, ಅದೇ ಜಾತಿಯ ಗಡ್ಡೆಗಳನ್ನು ತಂದಿದ್ದರು. "ಇನ್ನೊಂದ್ಸಲ ನೋಡಿ ಸರ್," ಎಂದರು. ನೀವು ಒಂದನ್ನು ಕೈಗೆತ್ತಿಕೊಂಡು, ಸಿಪ್ಪೆಯ ಬಲೆಯಂಥ ಗೆರೆಗಳ ಮೇಲೆ ಹೆಬ್ಬೆರಳಾಡಿಸಿದಿರಿ. ಎಷ್ಟೋ ಹೊತ್ತು ಹಾಗೇ ಹಿಡಿದಿದ್ದಿರಿ. ಆಮೇಲೆ ಪೊಟ್ಟಣಕ್ಕೇ ಹಾಕಿ ವಾಪಸು ಕೊಟ್ಟಿರಿ.

"ಬೇಡಪ್ಪ. ನನ್ ಹತ್ರ ಇದ್ರೆ ಇವೂ ಕೊಳೀತವೆ. ಬೆಳೆಸೋಕೆ ಬರೋರಿಗೆ ಕೊಡು."

ನಾನು ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ, ಮಾವ. ಎಲ್ಲ ಕೇಳಿಸಿತು. ನನ್ನ ಮೇಲೇ ಹೇಸಿಗೆಯಾಯಿತು. ಒಂದು ಮಾತು ಸಾಕಿತ್ತು. ಮುರಳಿ ನಿಧಾನವಾಗಿ ಕಾಫಿ ಕುಡಿದರು, ಚಪ್ಪಲಿ ಮೆಟ್ಟಿದರು, ಗೇಟಿನ ಹತ್ತಿರ ಒಮ್ಮೆ ನಿಂತು ತಿರುಗಿಯೂ ನೋಡಿದರು. ನಾನು ಲೋಟ ತೊಳೆಯಲು ಒಳಗೆ ಹೋದೆ.