ಆಯುಧ ಪೂಜೆಗೆ ಕಿತ್ತ ಪ್ಲಗ್

ಆಗ ನನಗೆ ಐವತ್ತೆಂಟು. ಇಪ್ಪತ್ತು ವರ್ಷದ ಹಿಂದಿನ ಮಾತು.

ಸೊಸೆ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನೆಲದೊಳಗೆ ನೀರು ಹೇಗೆ ಇಳಿಯುತ್ತದೆ, ಎಲ್ಲಿಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲೇ ತೋರಿಸುವ ಓದು. ಅದಕ್ಕೊಂದು ಸಾಫ್ಟ್‌ವೇರ್ ಬೇಕು. ಸಿ.ಡಿ. ತೂರಿಸಿದರೆ ತಾನೇ ಕೂರುವಂಥದ್ದಲ್ಲ. ಮೂರನೇ ಕ್ಲಾಸು ಓದಿದ ನನಗೆ ಅರ್ಥವಾಗಲಿ ಎಂದು ಅವಳು ಹೇಳಿದ್ದು ಹೀಗೆ: "ಇದನ್ನ ಮಾಡಿದೋರು ಹಿಟ್ಟು ಕೊಡಲ್ಲ ಅತ್ತೆ, ಅಕ್ಕಿ ಉದ್ದು ಕೊಡ್ತಾರೆ. ನಾವೇ ನೆನೆಸಿ ರುಬ್ಕೋಬೇಕು."

ಈ ಸಾಫ್ಟ್‌ವೇರನ್ನು ಕಂಪ್ಯೂಟರಿನಲ್ಲಿ ಕಟ್ಟುವ ಮೊದಲು ಅದಕ್ಕೆ ಬೇಕಾದ ಇನ್ನೊಂದನ್ನು ಕಟ್ಟಬೇಕು, ಅದಕ್ಕೂ ಮೊದಲು ಮತ್ತೊಂದು. ಯಾವುದಾದರೂ ಒಂದು ಕೈಕೊಡುತ್ತಿತ್ತು. ಇಂಗ್ಲಿಷ್ ಸಾಲುಗಳು ಸರಸರ ಓಡಿ, ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿದ್ದವು. ದಸರಾ ರಜೆ ಮುಗಿದ ದಿನ ಏನಾದರೂ ತೋರಿಸದಿದ್ದರೆ ಆ ವಿಷಯವನ್ನು ಬೇರೆಯವರಿಗೆ ಕೊಡುತ್ತೇನೆ ಎಂದು ಅವಳ ಮೇಷ್ಟರು ಹೇಳಿಯಾಗಿತ್ತು.

ಆಯುಧ ಪೂಜೆಯ ಹಿಂದಿನ ದಿನ ಶುರು ಮಾಡಿದ್ದು ರಾತ್ರಿಯೆಲ್ಲ ನಿಲ್ಲದೆ ಓಡಿತು. ಯಾವಾಗಲೂ ಮುಗ್ಗರಿಸುತ್ತಿದ್ದ ಜಾಗವನ್ನೂ ದಾಟಿತು. ಹಬ್ಬದ ಬೆಳಗ್ಗೆ ಅವಳು ಪರದೆ ಮಾತ್ರ ಆರಿಸಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಅದರ ಪಾಡಿಗೆ ಓಡಲು ಬಿಟ್ಟು ಸ್ನಾನಕ್ಕೆ ಹೋದಳು.

ನನ್ನ ಮಗನದು ಕೆಸರೆಯಲ್ಲಿ ಲೇತ್ ಅಂಗಡಿ. ಪೂಜೆಗೆ ಮುಂಚೆ ಯಂತ್ರ ಒರೆಸಬೇಕು, ಒದ್ದೆ ಬಟ್ಟೆ ಮುಟ್ಟಿಸುವ ಮುಂಚೆ ಕರೆಂಟು ತೆಗೆಯಬೇಕು. ಅದು ಅವನ ಕೈಗೆ ಹತ್ತಿದ ಅಭ್ಯಾಸ. ಅಂಗಡಿಗೆ ಹೊರಡುವ ಮುಂಚೆ ಮನೆಯದು ಮುಗಿಸೋಣವೆಂದು ಸ್ಕೂಟರ್ ಒರೆಸಿದ, ಮಿಕ್ಸಿ ಒರೆಸಿದ. ಕಂಪ್ಯೂಟರ್ ಪರದೆ ಕಪ್ಪಗಿತ್ತು. ಪ್ಲಗ್ ಕಿತ್ತು, ಪೆಟ್ಟಿಗೆ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿದ.

ಅವಳು ಬಂದು ನೋಡಿದಳು. "ಕಿತ್ತಾಕ್ಬುಟ್ರಾ?"

"ಆಫ್ ಆಗಿತ್ತಲ್ಲ ಕಣೆ. ಇವತ್ತೊಂದಿನ ಅದಕ್ಕೂ ಒಸಿ ರೆಸ್ಟ್ ಕೊಡು. ನನ್ನ ಲೇತ್ ನಿಲ್ಲಲ್ವಾ?"

"ನಿಮ್ಮ ಲೇತ್ ನಾಳೆ ನಿಂತಲ್ಲಿಂದ್ಲೇ ತಿರುಗ್ತದೆ ಕಣ್ರೀ. ಇದು ತಿರುಗಲ್ಲ."

ಅವನು ಪ್ಲಗ್ ಮತ್ತೆ ಸಿಕ್ಕಿಸಿ, ಒದ್ದೆ ಬಟ್ಟೆ ಹಿಡಿದುಕೊಂಡು ನಿಂತ.

ಕಂಪ್ಯೂಟರ್ ಎದ್ದಿತು. ಆದರೆ ಅರ್ಧ ಕಟ್ಟಿದ ಫೈಲುಗಳು ಕೆಟ್ಟಿದ್ದವಂತೆ. ಎಲ್ಲ ಅಳಿಸಿ ಮೊದಲಿಂದ ಹಿಡಿದಳು. ಈ ಸಲ, ಹಿಂದೆ ಸಲೀಸಾಗಿ ದಾಟಿದ್ದ ಜಾಗದಲ್ಲೇ ನಿಂತುಬಿಟ್ಟಿತು. ಯಾಕೆಂದು ಅವಳಿಗೂ ಹೊಳೆಯಲಿಲ್ಲ. ಉಳಿದ ರಜೆಯೆಲ್ಲ ಹೀಗೇ ಕಳೆಯಿತು. ಮಗ ಕೀಳದಿದ್ದರೆ ಮುಗಿಯುತ್ತಿತ್ತೋ ಇಲ್ಲವೋ, ಯಾರು ಕಂಡರು.

ಯೂನಿವರ್ಸಿಟಿ ತೆರೆದ ದಿನ ಬರಿಗೈಯಲ್ಲಿ ಹೋಗಿ ಸಂಜೆ ಬಂದಳು. ವಿಷಯ ಬೇರೆಯವರಿಗೆ ಕೊಟ್ಟಾಯಿತಂತೆ. ಹೊಸದನ್ನು ಹುಡುಕಿಕೊಂಡು ಮೊದಲಿಂದ ಶುರು ಮಾಡು ಎಂದರಂತೆ. ಮನೆಯ ಹತ್ತಿರದ ಸ್ಕೂಲಿನವರು ಗಣಿತಕ್ಕೆ ಟೀಚರ್ ಬೇಕೆಂದು ಬಹಳ ದಿನದಿಂದ ಕೇಳುತ್ತಿದ್ದರು.

"ಸ್ಕೂಲಲ್ಲಿ ಸೀರೆನೇ ಉಡ್ಬೇಕಂತೆ ಅತ್ತೆ" ಅಂದಳು, ಅಷ್ಟೆ. ಬಿಡಬೇಡ, ಓದು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಆ ಕಂಪ್ಯೂಟರ್ ಕೇಳುತ್ತಿತ್ತೇ.

ಮಾರನೆಯ ಬೆಳಗ್ಗೆ ಕಾಫಿ ಕುಡಿದು, ಅವಳ ಕಾಟನ್ ಸೀರೆಗೆ ಫಾಲ್ಸ್ ಹೊಲಿಯಲು ಕೂತೆ.